ಮಳೆಗಾಲದ ಜಲಪಾತಗಳು: ಮುಂಬೈ, ಪುಣೆ, ಗೋವಾ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಬಂತೆಂದರೆ ಡೊಂಬಿವಲಿಯಿಂದ ಹಿಡಿದು ವಾಸ್ಕೊವರೆಗೆ ಕನ್ನಡದ ವಾಟ್ಸಾಪ್ ಗುಂಪುಗಳಲ್ಲಿ ಅವೇ ಪ್ರಶ್ನೆಗಳು ಸುತ್ತುತ್ತವೆ. ಊರಿಂದ ಅಣ್ಣನ ಮನೆಯವರು ಬರ್ತಿದ್ದಾರೆ, ಎಲ್ಲಿಗೆ ಕರ್ಕೊಂಡು ಹೋಗೋದು? ಅಪ್ಪನಿಗೆ ಮಂಡಿನೋವು, ಫಾಲ್ಸ್ ನೋಡೋ ಆಸೆ ಮಾತ್ರ ಬಿಟ್ಟಿಲ್ಲ, ಏನ್ಮಾಡೋದು? ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳುವ ಬದಲು ಉತ್ತರಗಳನ್ನು ಇಲ್ಲಿ ಒಟ್ಟುಮಾಡಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ದೂರ ನಿಂತು ಕಣ್ತುಂಬ ನೋಡುವ ಜಲಪಾತಗಳಿಗೇ ಮೊದಲ ಮಣೆ. ನೀರಿಗಿಳಿದು ಕುಣಿಯುವ ಜಾಗ ಹುಡುಕುತ್ತಿರುವವರಿಗೆ ನಿರಾಸೆಯಾದೀತು.

ಯಾವ ತಿಂಗಳು ಹೋದರೆ ಒಳ್ಳೆಯದು?

ಆಗಸ್ಟ್ ನಡುಭಾಗದಿಂದ ಸೆಪ್ಟೆಂಬರ್ ಕೊನೆವರೆಗೆ. ಇದನ್ನು ಹೇಳಿದಾಗಲೆಲ್ಲ ಯಾರಾದರೂ "ಜುಲೈ ಅಲ್ವಾ ಭರ್ತಿ ಮಳೆ?" ಅನ್ನುತ್ತಾರೆ. ಹೌದು, ಅದಕ್ಕೇ ಬೇಡ ಅನ್ನುವುದು. ಜೂನ್‌ನ ಮೊದಲ ಮಳೆಗೆ ಬರುವುದು ಕೆಂಪು ಕೆಸರು ನೀರು. ಬೇಸಿಗೆಯಲ್ಲಿ ಸಡಿಲವಾದ ಕಲ್ಲುಗಳು ಘಾಟಿಯಲ್ಲಿ ಉರುಳುವುದೂ ಆಗಲೇ. ಜುಲೈಯಲ್ಲಿ ನೀರೇನೋ ಉಕ್ಕುತ್ತಿರುತ್ತದೆ, ಆದರೆ ಅರ್ಧ ದಿನ ಮಂಜು ಮುಚ್ಚಿಕೊಂಡು ಸದ್ದು ಮಾತ್ರ ಕೇಳಿಸುತ್ತದೆ. ಘಾಟಿ ರಸ್ತೆ ಬಂದ್, ಜಿಲ್ಲಾಧಿಕಾರಿಗಳ ನಿಷೇಧಾಜ್ಞೆ, ರೈಲು ತಡ, ಎಲ್ಲವೂ ಆ ತಿಂಗಳಲ್ಲೇ. ಆಗಸ್ಟ್ ಮಧ್ಯದ ಹೊತ್ತಿಗೆ ಬೆಟ್ಟ ನೀರು ಕುಡಿದು ತಣಿದಿರುತ್ತದೆ, ಹರಿವು ತಿಳಿಯಾಗುತ್ತದೆ, ಮಳೆ ನಡುನಡುವೆ ಬಿಡುವು ಕೊಡುತ್ತದೆ. ಒಂದು ಜೋರು ಮಳೆ ಕಳೆದು ಎರಡು ದಿನ ಬಿಟ್ಟು ಹೋದರೆ ನೀರೂ ಇರುತ್ತದೆ, ನೋಟವೂ ಸಿಗುತ್ತದೆ.

ವಾರದ ದಿನ ರಜೆ ಸಿಗುವಂತಿದ್ದರೆ ಶನಿವಾರ, ಭಾನುವಾರ ಬಿಟ್ಟುಬಿಡಿ. ಲೋಣಾವಳ, ಮಾಳಶೇಜ್, ತಾಮ್ಹಿಣಿ ಘಾಟಿಗಳ ಕಡೆ ಭಾನುವಾರ ನೋಡಸಿಗುವುದು ಕಾರುಗಳ ಸಾಲು.

ಒಂದೇ ಒಂದು ಜಲಪಾತಕ್ಕೆ ಹೋಗಲು ಸಮಯವಿದೆ. ಯಾವುದು?

ಪುಣೆಯವರಿಗೂ ಮುಂಬೈಯವರಿಗೂ ನನ್ನ ಉತ್ತರ ಒಂದೇ: ಸಾತಾರಾ ಹತ್ತಿರದ ತೋಸೆಘರ್. ಗೋವಾದವರಿಗೆ ದೂಧ್‌ಸಾಗರ್, ಅದೂ ರೈಲಿನಿಂದ.

ತೋಸೆಘರ್ ಸಾತಾರಾ ಪಟ್ಟಣದಿಂದ ಸುಮಾರು 25 ಕಿ.ಮೀ. ಪುಣೆಯಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದು. ಮುಂಬೈಯಿಂದಾದರೆ ಸಾತಾರಾದಲ್ಲಿ ಒಂದು ರಾತ್ರಿ ಉಳಿಯುವುದು ಮೇಲು. ಟಿಕೆಟ್ ತೆಗೆದುಕೊಂಡು ಕಾಡಿನ ನಡುವಿನ ಕಾಲುದಾರಿಯಲ್ಲಿ ಸ್ವಲ್ಪ ನಡೆದರೆ ಕಂಬಿ ಹಾಕಿದ ವೀಕ್ಷಣಾ ಕಟ್ಟೆ. ಎದುರಿಗೆ ಆಳವಾದ ಕಮರಿ, ಆಚೆ ಗೋಡೆಯ ಮೇಲಿಂದ 200 ಮೀಟರಿಗೂ ಹೆಚ್ಚು ಕೆಳಗೆ ಇಳಿಯುವ ನೀರು. ಮಂಜು ಕವಿದು ಏನೂ ಕಾಣಿಸದೆ ಹೋದರೆ ಬೈದುಕೊಂಡು ಹಿಂದಿರುಗಬೇಡಿ, ಕಂಬಿ ಹಿಡಿದು ಕಾಲು ಗಂಟೆ ನಿಲ್ಲಿ. ಕಮರಿಯ ತಳದಿಂದ ಗಾಳಿ ಏಳುತ್ತದೆ, ಮೊದಲು ಎದುರು ಗೋಡೆಯ ಕಪ್ಪು ಕಲ್ಲಿನ ಒಂದು ಪಟ್ಟಿ ಕಾಣುತ್ತದೆ, ಅದರ ಮೇಲೆ ಬಿಳಿ ಗೆರೆ. ಮರುಕ್ಷಣ ಇಡೀ ಜಲಪಾತ ಎದುರಿಗೆ ನಿಂತಿರುತ್ತದೆ. ಕಟ್ಟೆಯ ಮೇಲಿದ್ದ ಜನರೆಲ್ಲ ಒಟ್ಟಿಗೇ "ಓ" ಅನ್ನುತ್ತಾರೆ. ಮತ್ತೆ ಮುಚ್ಚುತ್ತದೆ. ಈ ಆಟ ದಿನವಿಡೀ.

ದಾರಿಯಲ್ಲೇ ಸಮರ್ಥ ರಾಮದಾಸರ ಸಮಾಧಿಯಿರುವ ಸಜ್ಜನಗಡ, ಮುಂದೆ ಚಾಳಕೇವಾಡಿಯ ಗಾಳಿಯಂತ್ರಗಳ ಬಯಲು. ಹಿರಿಯರಿಗೆ ದೇವರ ದರ್ಶನ, ಮಕ್ಕಳಿಗೆ ಗಾಳಿಯಂತ್ರ, ಯಾರದೂ ತಕರಾರಿಲ್ಲ.

ನಮ್ಮ ಜೋಗದ ಮುಂದೆ ಇವೆಲ್ಲ ಏನು?

ಈ ಪ್ರಶ್ನೆ ಕೇಳದ ಶಿವಮೊಗ್ಗದವರನ್ನು ನಾನಿನ್ನೂ ನೋಡಿಲ್ಲ. ಅಳತೆ ಬೇಕೆಂದರೆ: ಜೋಗ 253 ಮೀಟರ್, ದೂಧ್‌ಸಾಗರ್ ಸುಮಾರು 310 ಮೀಟರ್, ಸಾತಾರಾ ಕಡೆಯ ಕಾಸ್ ಪ್ರಸ್ಥಭೂಮಿಯ ಹತ್ತಿರದ ಭಾಂಬವಲಿ ವಜ್ರಾಯಿ ಸುಮಾರು 560 ಮೀಟರ್ ಅನ್ನುತ್ತಾರೆ. ಆದರೆ ಅಳತೆಯಿಂದ ಜಗಳ ತೀರುವುದಿಲ್ಲ. ಜೋಗದ ರಾಜ ಒಂದೇ ನೆಗೆತಕ್ಕೆ ತಳ ಮುಟ್ಟುತ್ತಾನೆ. ದೂಧ್‌ಸಾಗರ್ ನಾಲ್ಕು ಹಂತಗಳಲ್ಲಿ, ವಜ್ರಾಯಿ ಮೂರು ಹಂತಗಳಲ್ಲಿ ಇಳಿಯುತ್ತವೆ. ಜೋಗದ ಹಿಂದೆ ಶರಾವತಿಯಂಥ ಇಡೀ ನದಿಯೇ ಇದೆ. ಲಿಂಗನಮಕ್ಕಿ ಕಟ್ಟಿದ ಮೇಲೆ ಆ ವೈಭವ ಅಣೆಕಟ್ಟೆಯವರ ಕೈಯಲ್ಲಿದೆ, ಅದು ಬೇರೆ ಮಾತು. ಮಹಾರಾಷ್ಟ್ರದ ಹೆಚ್ಚಿನ ಜಲಪಾತಗಳ ಹಿಂದಿರುವುದು ಬೆಟ್ಟದ ನೆತ್ತಿಯ ಒಂದು ತುಂಡು ಬಯಲು, ಅಷ್ಟೇ. ಜೋಗವನ್ನು ಊರಲ್ಲೇ ಬಿಟ್ಟು ಬನ್ನಿ, ಇಲ್ಲಿಯದನ್ನು ಇಲ್ಲಿಯ ಹಾಗೆ ನೋಡಿ.

ಸಹ್ಯಾದ್ರಿಯಲ್ಲಿ ಇಷ್ಟೊಂದು ಜಲಪಾತ ಹೇಗೆ? ಡಿಸೆಂಬರ್‌ಗೆ ಎಲ್ಲಿ ಹೋಗುತ್ತವೆ?

ಮಹಾರಾಷ್ಟ್ರದ ಸಹ್ಯಾದ್ರಿ ಲಾವಾದಿಂದ ಆದದ್ದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾ ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿ ಬಸಾಲ್ಟ್ ಕಲ್ಲಾಯಿತು. ಕೆಲವು ಪದರ ಗಟ್ಟಿ, ಕೆಲವು ಗಾಳಿಗುಳ್ಳೆ ತುಂಬಿದ ಪೊಳ್ಳು. ಪೊಳ್ಳು ಪದರ ಬೇಗ ಸವೆದು ಮೇಲಿನ ಗಟ್ಟಿ ಪದರ ಚಾಚಿ ನಿಲ್ಲುತ್ತದೆ, ಕೊನೆಗೆ ಕಳಚಿ ಬೀಳುತ್ತದೆ. ಹೀಗಾಗಿ ಬೆಟ್ಟದ ಪಶ್ಚಿಮದ ಮೈ ನೆಟ್ಟಗೆ ಗೋಡೆಯಂತೆ, ಹಂತ ಹಂತವಾಗಿ ನಿಂತಿದೆ. ಅರಬ್ಬೀ ಸಮುದ್ರದ ಮೋಡ ಬಂದು ಬಡಿಯುವುದು ನೇರ ಈ ಗೋಡೆಗೇ. ಸಾವಂತವಾಡಿ ಮೇಲಿನ ಘಾಟಿಯ ಊರು ಅಂಬೋಲಿಯಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಸುರಿಯುತ್ತದೆ, ಗೋಡೆಯ ಹಿಂದೆ ಮಳೆ ನೆರಳಿನಲ್ಲಿರುವ ಪುಣೆ ನಗರಕ್ಕೆ ಸಿಗುವುದು ಅದರ ಹತ್ತನೆಯ ಒಂದು ಪಾಲು. ಪುಣೆಯಲ್ಲಿ ಬಿಸಿಲು ನೋಡಿ ಹೊರಟು ತಾಮ್ಹಿಣಿಯಲ್ಲಿ ವೈಪರ್ ಸೋತು ಕಾರು ನಿಲ್ಲಿಸುವವರ ಕಥೆ ಇದೇ.

ಬಿದ್ದ ಮಳೆಯನ್ನು ಹಿಡಿದಿಟ್ಟುಕೊಳ್ಳಲು ನೆತ್ತಿಯ ಮೇಲೆ ದೊಡ್ಡ ನದಿಯೂ ಇಲ್ಲ, ಆಳವಾದ ಮಣ್ಣೂ ಇಲ್ಲ. ಮಳೆ ನಿಂತ ಕೆಲವೇ ವಾರಗಳಲ್ಲಿ ಕಲ್ಲಿನ ಮೇಲೆ ಕಪ್ಪು ಕಲೆ ಮಾತ್ರ ಉಳಿಯುತ್ತದೆ. ದೀಪಾವಳಿ ರಜೆಗೆ ಪ್ಲಾನ್ ಮಾಡುವವರು ಇದನ್ನು ನೆನಪಿಡಿ.

ದೂಧ್‌ಸಾಗರ್‌ಗೆ ಹೋಗುವುದು ಹೇಗೆ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಎರಡು ದಾರಿ: ಜೀಪು, ರೈಲು. ಎರಡರ ಕಾಲವೂ ಬೇರೆ, ಅದೇ ಗೊಂದಲಕ್ಕೆ ಕಾರಣ.

ಜೀಪು ಮಳೆಗಾಲದಲ್ಲಿ ಇಲ್ಲ. ಗೋವಾದ ಕುಳೆಂನಿಂದ ಭಗವಾನ್ ಮಹಾವೀರ ಅಭಯಾರಣ್ಯದೊಳಗೆ ಹೋಗುವ ಜೀಪುಗಳು ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ಶುರುವಾಗುತ್ತವೆ, ಯಾಕೆಂದರೆ ದಾರಿಯಲ್ಲಿ ಹೊಳೆಯನ್ನೇ ದಾಟಬೇಕು. ಜೀಪು ಇಳಿದ ಮೇಲೆ ಬಂಡೆಗಳ ನಡುವೆ ಸ್ವಲ್ಪ ನಡಿಗೆ, ಲೈಫ್ ಜಾಕೆಟ್ ಕಡ್ಡಾಯ. ಅಕ್ಟೋಬರ್, ನವೆಂಬರ್‌ನಲ್ಲಿ ನೀರು ಚೆನ್ನಾಗಿರುತ್ತದೆ. ಹೊಸ ವರ್ಷದ ಗದ್ದಲದ ಹೊತ್ತಿಗೆ ಜನ ಹೆಚ್ಚು, ನೀರು ಕಡಿಮೆ. ಮಂಗಗಳ ಕೈಗೆ ಸಿಗುವಂತೆ ಚಿಪ್ಸ್ ಪೊಟ್ಟಣ ಹಿಡಿದು ನಡೆಯಬೇಡಿ. ಅವು ಬೇಡುವುದಿಲ್ಲ, ಕಿತ್ತುಕೊಳ್ಳುತ್ತವೆ.

ಮಳೆಗಾಲದ ದೂಧ್‌ಸಾಗರ್ ಬೇಕೆಂದರೆ ರೈಲು. ಲೋಂಡಾ–ಮಡಗಾಂವ್ ಮಾರ್ಗದಲ್ಲಿ ನಮ್ಮ ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ದಾಟಿದ ಮೇಲೆ ಕುಳೆಂವರೆಗಿನ 26 ಕಿ.ಮೀ. ಬ್ರಗಾಂಜಾ ಘಾಟಿ. ಪೋರ್ಚುಗೀಸರ ಕಾಲದಲ್ಲಿ, 1880ರ ದಶಕದಲ್ಲಿ ಕಟ್ಟಿದ ಮಾರ್ಗ. ಇಳಿಜಾರು 37ಕ್ಕೆ 1, ಅಂದರೆ 37 ಮೀಟರ್ ಮುಂದೆ ಹೋಗುವಷ್ಟರಲ್ಲಿ 1 ಮೀಟರ್ ಏರಿಳಿತ. ಏರುವ ಗಾಡಿಗೆ ಕುಳೆಂನಲ್ಲಿ ಹಿಂದಿನಿಂದ ಹೆಚ್ಚುವರಿ ಎಂಜಿನ್ ಜೋಡಿಸುತ್ತಾರೆ. ಗಾಡಿ ತೆವಳುತ್ತದೆ, ಅದೇ ನಮ್ಮ ಲಾಭ. ಒಂದು ಸುರಂಗ ಮುಗಿದು ಹಸಿರು, ಇನ್ನೊಂದು ಸುರಂಗ, ಆಮೇಲೆ ಇದ್ದಕ್ಕಿದ್ದಂತೆ ಕಿಟಕಿಯೊಳಗೆ ನೀರಿನ ತುಂತುರು ಬಂದು ಮುಖಕ್ಕೆ ರಾಚುತ್ತದೆ. ಜಲಪಾತದ ಮೈಗೆ ಅಡ್ಡಲಾಗಿ ಕಟ್ಟಿದ ಸೇತುವೆಯ ಮೇಲೆ ನೀವಿರುತ್ತೀರಿ. ಸೇತುವೆಯ ಮೇಲೆ ಸಿಗುವುದು ಕ್ಷಣದ ನೋಟ. ಪೂರ್ತಿ ಜಲಪಾತ ಕಾಣುವುದು ಸೇತುವೆಯಿಂದ ದೂರ ಇದ್ದಾಗ, ಕಣಿವೆ ಬದಿಯ ಕಿಟಕಿಯಿಂದ. ಯಾವ ಬದಿ ಎಂದು ಕ್ಯಾಸಲ್‌ರಾಕ್‌ನಲ್ಲಿ ಹತ್ತುವ ಚಹಾದವನನ್ನು ಕೇಳಿ, ಅವನಷ್ಟು ಖಾತ್ರಿಯಾಗಿ ಯಾರೂ ಹೇಳಲಾರರು.

ಬುಕ್ ಮಾಡುವ ಮೊದಲು ಒಂದನ್ನು ನೋಡಿಕೊಳ್ಳಿ: ನಿಮ್ಮ ಗಾಡಿ ಕ್ಯಾಸಲ್‌ರಾಕ್–ಕುಳೆಂ ನಡುವೆ ಹಗಲಲ್ಲಿ ಹೋಗುತ್ತದೆಯೇ? ಈ ಮಾರ್ಗದ ಎಷ್ಟೋ ಗಾಡಿಗಳು ಘಾಟಿ ದಾಟುವುದು ಕತ್ತಲಲ್ಲಿ. ವೇಳಾಪಟ್ಟಿ ನೋಡದೆ ಟಿಕೆಟ್ ತೆಗೆದು, ಬೆಳಗಿನ ಜಾವ ಎದ್ದು ಕಪ್ಪು ಗಾಜು ನೋಡುತ್ತ ಕೂತವರು ಬೇಕಾದಷ್ಟಿದ್ದಾರೆ.

ಹಳಿಯ ಮೇಲೆ ನಡೆದು ದೂಧ್‌ಸಾಗರ್‌ಗೆ ಹೋಗಬಹುದೇ? ಮೊದಲೆಲ್ಲ ಹೋಗ್ತಿದ್ರಂತೆ.

ಬೇಡ. ಮೊದಲು ಹೋಗುತ್ತಿದ್ದರು ಅನ್ನುವುದು ನಿಜ, ಈಗ ಬಿಡುವುದಿಲ್ಲ ಅನ್ನುವುದೂ ಅಷ್ಟೇ ನಿಜ. ರೈಲ್ವೆ ಕಾಯಿದೆಯ 147ನೇ ಕಲಮಿನಡಿ ಹಳಿಯ ಮೇಲಿನ ಅಕ್ರಮ ಪ್ರವೇಶಕ್ಕೆ 6 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2023ರ ಜುಲೈನಲ್ಲಿ ಹೀಗೆ ಬಂದ ಚಾರಣಿಗರಿಂದ ಬಸ್ಕಿ ಹೊಡೆಸಿದ ವಿಡಿಯೊ ಊರೆಲ್ಲ ಓಡಾಡಿತ್ತು. ಬಸ್ಕಿ ಹೋಗಲಿ, ಕಿರಿದಾದ ಸುರಂಗದೊಳಗೆ ಗಾಡಿ ಬಂದರೆ ಸರಿಯಲು ಜಾಗವಿಲ್ಲ. ಮಳೆ ಮತ್ತು ನೀರಿನ ಸದ್ದಿನಲ್ಲಿ ಎಂಜಿನ್ ಸದ್ದು ಕೇಳಿಸುವುದೂ ಇಲ್ಲ.

ವಯಸ್ಸಾದ ಅಪ್ಪ-ಅಮ್ಮನನ್ನು ಕರ್ಕೊಂಡು ಹೋಗಬೇಕು. ಹೆಚ್ಚು ನಡೆಯೋಕಾಗಲ್ಲ.

ಕಾರಿನಿಂದಿಳಿದ ಕೂಡಲೇ ಕಾಣಬೇಕೆಂದರೆ ಅಂಬೋಲಿ ಘಾಟಿ. ಮುಖ್ಯ ಜಲಪಾತ ಸಾವಂತವಾಡಿ–ಬೆಳಗಾವಿ ರಸ್ತೆಯ ಮಗ್ಗುಲಲ್ಲೇ ಬೀಳುತ್ತದೆ. ಮೆಟ್ಟಿಲುಗಳಿವೆ, ಪಾಚಿಯಿಂದ ಜಾರುತ್ತವೆ; ಅಮ್ಮಂದಿರು ಕೆಳಗೇ ನಿಂತು ನೋಡಲಿ. ಗೋವಾದಲ್ಲಾದರೆ ಸಾಂಖಳಿ ಹತ್ತಿರದ ಹರ್ವಳೆ: ಪಕ್ಕದಲ್ಲೇ ರುದ್ರೇಶ್ವರ ದೇವಸ್ಥಾನ, ಅಲ್ಲಿಂದ ಸ್ವಲ್ಪ ದೂರದಲ್ಲಿ ಕಲ್ಲು ಕೊರೆದ ಪುರಾತನ ಗುಹೆಗಳು. ಮುಂಬೈ–ಗೋವಾ ಹೆದ್ದಾರಿಯಲ್ಲಿ ಬರುವವರಿಗೆ ಚಿಪಳೂಣದ ಬಳಿ ಪರಶುರಾಮ ಘಾಟಿಯ ಸವತಸಡಾ ರಸ್ತೆಯಿಂದಲೇ ಕಾಣುತ್ತದೆ.

ಮಹಾಬಳೇಶ್ವರದ ಲಿಂಗಮಳಾ ಚೆಂದವೇ, ಆದರೆ ಕಾಲುದಾರಿ ಇಳಿದು ಹತ್ತಬೇಕು. ಮಂಡಿನೋವಿನವರಿಗೆ ಇಳಿಯುವಾಗ ಉತ್ಸಾಹ, ಹತ್ತುವಾಗ ಸಂಕಟ. ತೋಸೆಘರ್‌ನ ನಡಿಗೆ ಅದಕ್ಕಿಂತ ಹಗುರ.

ಸ್ವಂತ ಕಾರಿಲ್ಲ. ಮುಂಬೈಯಿಂದ ರೈಲಿನಲ್ಲೇ ಏನಾದರೂ ನೋಡಬಹುದೇ?

ನನ್ನ ಪ್ರಕಾರ ಕಾರಿನವರಿಗಿಂತ ನೀವೇ ಅದೃಷ್ಟವಂತರು.

ಮೊದಲನೆಯದು ಭೋರ್ ಘಾಟಿ. ಮುಂಬೈ–ಪುಣೆ ಹಗಲು ಗಾಡಿಗಳಲ್ಲಿ ಯಾವುದಾದರೂ ಸರಿ. ಕರ್ಜತ್ ದಾಟಿದ ಮೇಲೆ ಖಂಡಾಲಾವರೆಗೆ ಹೊರಗೇ ನೋಡುತ್ತಿರಿ. 1863ರಲ್ಲಿ ಶುರುವಾದ ಈ ಘಾಟಿಯಲ್ಲಿ ಜೋರು ಮಳೆ ಬಂದಾಗ ಗೋಡೆಗೊಂದು ಹೊಸ ಜಲಪಾತ. ಡೆಕ್ಕನ್ ಎಕ್ಸ್‌ಪ್ರೆಸ್‌ಗೆ 2021ರಿಂದ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯೂ ಇದೆ. ದುಡ್ಡು ಜಾಸ್ತಿ, ಮಕ್ಕಳಿದ್ದರೆ ಸಾರ್ಥಕ. ಇಲ್ಲದಿದ್ದರೆ ಸಾದಾ ಬೋಗಿಯ ತೆರೆದ ಕಿಟಕಿಯೇ ವಾಸಿ, ತುಂತುರಾದರೂ ಮೈಗೆ ತಾಗುತ್ತದೆ.

ಎರಡನೆಯದು ಕೊಂಕಣ ರೈಲ್ವೆ. ನಮ್ಮ ಕರಾವಳಿಯವರು ಹುಟ್ಟಿದಾಗಿನಿಂದ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹತ್ತಿದವರು. ಊರಿಗೆ ಹೋಗುವಾಗ ಅದು ರತ್ನಾಗಿರಿ ಕಡೆಯ ಘಟ್ಟ ದಾಟುವುದು ರಾತ್ರಿ, ಹಾಗಾಗಿ ಈ ದಾರಿಯ ಮಳೆಗಾಲವನ್ನು ಅವರೇ ನೋಡಿರುವುದಿಲ್ಲ. ಒಂದು ಸಲ ಹಗಲು ಗಾಡಿ ಹಿಡಿಯಿರಿ: ಬೆಳಿಗ್ಗೆ ಮುಂಬೈ ಬಿಡುವ ಮಾಂಡೋವಿ ಎಕ್ಸ್‌ಪ್ರೆಸ್ ಆಗಬಹುದು, ಜನಶತಾಬ್ದಿ ಆಗಬಹುದು. ರತ್ನಾಗಿರಿಗೆ ಮೊದಲು ಉಕ್ಷಿ ನಿಲ್ದಾಣದ ಹತ್ತಿರ ರಾಣಪಾಟ್ ಜಲಪಾತ ಹಳಿಯ ಪಕ್ಕದಲ್ಲೇ ಬೀಳುತ್ತದೆ, ಎರಡು ಸುರಂಗಗಳ ನಡುವೆ ಒಂದು ಮಿಂಚಿನಂತೆ. ಮಳೆಗಾಲದ ವೇಳಾಪಟ್ಟಿ ಬೇರೆ, ವೇಗವೂ ಕಡಿಮೆ. ಮಡಗಾಂವ್‌ನಲ್ಲಿ ಕಾಯುವವರಿಗೆ ಮೊದಲೇ ಹೇಳಿಡಿ.

ಮೂರನೆಯದು ಬೋರಿವಲಿಯ ಒಳಗೇ ಇದೆ. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾನ್ಹೇರಿ ಗುಹೆಗಳಿಗೆ ಮಳೆಯ ಮರುದಿನ ಹೋಗಿ. ಬೌದ್ಧ ಭಿಕ್ಷುಗಳು ಕಲ್ಲಿನಲ್ಲಿ ಕೊರೆದ ಕಾಲುವೆಗಳಲ್ಲಿ, ಮೆಟ್ಟಿಲುಗಳ ಮೇಲೆ ಇಂದಿಗೂ ನೀರು ಹರಿಯುತ್ತದೆ, ಗುಹೆಯೊಂದರ ಬಾಗಿಲಿಗೆ ನೀರಿನ ಪರದೆ ಇಳಿದಿರುತ್ತದೆ. ದೊಡ್ಡ ಜಲಪಾತವಲ್ಲ, ಆದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು.

ನೀರು ಮೇಲಕ್ಕೆ ಹೋಗುವ ಜಲಪಾತ ನಿಜವೇ, ವಿಡಿಯೊದ ಕೈಚಳಕವೇ?

ನಿಜ. ಪುಣೆ ಜಿಲ್ಲೆಯ ಜುನ್ನರ್ ಕಡೆಯ ನಾಣೇಘಾಟ್‌ನಲ್ಲಿ ನೋಡಬಹುದು, ಅಂಬೋಲಿ ಬಳಿಯ ಕಾವಳಸೇತ್ ಪಾಯಿಂಟ್‌ನಲ್ಲೂ. ಸಮುದ್ರದಿಂದ ಬರುವ ಗಾಳಿ ನೆಟ್ಟಗಿನ ಬಂಡೆಗೆ ಬಡಿದು ಬೇರೆ ದಾರಿಯಿಲ್ಲದೆ ಮೇಲಕ್ಕೇರುತ್ತದೆ. ಜಲಪಾತ ತೆಳುವಾಗಿದ್ದು ಗಾಳಿ ಜೋರಾಗಿದ್ದರೆ ನೀರು ಕೆಳಗೆ ತಲುಪುವುದೇ ಇಲ್ಲ, ಹನಿಯಾಗಿ ಒಡೆದು ಬಂದ ದಾರಿಯಲ್ಲೇ ಹಿಂದಕ್ಕೆ ಹಾರಿ ಅಂಚಿನಲ್ಲಿ ನಿಂತವರ ಮೇಲೆ ಸುರಿಯುತ್ತದೆ. ಅಂದರೆ ಅಲ್ಲಿ ಮಳೆ ಮೇಲಿನಿಂದಲೂ ಬರುತ್ತದೆ, ಕೆಳಗಿನಿಂದಲೂ ಬರುತ್ತದೆ. ಛತ್ರಿ ಒಯ್ದು ಪ್ರಯೋಜನವಿಲ್ಲ, ತಿರುಗಿ ಬಟ್ಟಲಾಗುತ್ತದೆ. ರೇನ್‌ಕೋಟ್ ಹಾಕಿ. ಗಾಳಿ ಬಿದ್ದ ದಿನ ಇದು ಸಾದಾ ಜಲಪಾತ. "ಯೂಟ್ಯೂಬಿನವರು ಮೋಸ ಮಾಡಿದರು" ಅನ್ನಬೇಡಿ.

ನಾಣೇಘಾಟ್‌ಗೆ ಇನ್ನೊಂದು ಕಾರಣಕ್ಕೂ ಹೋಗಬೇಕು. ಕೊಂಕಣದ ಬಂದರುಗಳಿಂದ ಜುನ್ನರಿಗೆ ಸರಕು ಏರುತ್ತಿದ್ದ ಸಾತವಾಹನರ ಕಾಲದ ಕಣಿವೆದಾರಿ ಅದು. ಗುಹೆಯ ಗೋಡೆಯಲ್ಲಿ ರಾಣಿ ನಾಗನಿಕಾಳ ಬ್ರಾಹ್ಮೀ ಶಾಸನವಿದೆ, ಪಕ್ಕದಲ್ಲಿ ಸುಂಕದ ಹಣ ಹಾಕುತ್ತಿದ್ದರೆಂದು ಹೇಳುವ ಕಲ್ಲಿನ ಕೊಡವಿದೆ. ರೀಲ್ಸ್ ಮಾಡುವವರ ಗುಂಪು ಅತ್ತ ತಿರುಗಿಯೂ ನೋಡುವುದಿಲ್ಲ, ಒಳಗೆ ನೆಮ್ಮದಿಯಾಗಿ ನಿಲ್ಲಬಹುದು.

ನಮಗೆ ಚೆನ್ನಾಗಿ ಈಜು ಬರುತ್ತೆ. ಆದರೂ ಇಳಿಯಬಾರದೇ?

ಹೊಳೆಯಲ್ಲಿ ಈಜು ಕಲಿತ ಹುಡುಗರೂ ಇಂಥಲ್ಲಿ ಮುಳುಗುತ್ತಾರೆ, ಅದಕ್ಕೆ ಕಾರಣವಿದೆ. ಜಲಪಾತದ ಬುಡದಲ್ಲಿ ನೀರು ಬೆಳ್ಳಗೆ ಕಾಣುವುದು ಅದರಲ್ಲಿ ಗಾಳಿ ತುಂಬಿರುವುದರಿಂದ. ಗಾಳಿ ತುಂಬಿದ ನೀರು ಮೈಯನ್ನು ತೇಲಿಸುವುದಿಲ್ಲ, ಕೈ ಬೀಸಿದರೂ ಹಿಡಿತ ಸಿಗುವುದಿಲ್ಲ. ಬಿದ್ದ ನೀರು ತಳಕ್ಕೆ ಹೋಗಿ ಸುತ್ತಿ ಮತ್ತೆ ಬಂಡೆಯ ಕಡೆಗೇ ಎಳೆಯುತ್ತದೆ. ಕೆಳಗೆ ಬಂಡೆಗಳ ಸಂದು ಎಲ್ಲಿದೆಯೆಂದು ಮೇಲಿಂದ ತಿಳಿಯದು.

ಇನ್ನೊಂದು ಅಪಾಯ ಮೇಲಿನಿಂದ ಬರುವುದು. ನೀವು ನಿಂತಲ್ಲಿ ಬಿಸಿಲಿರುತ್ತದೆ, ಎರಡು ಮೈಲಿ ಮೇಲೆ ಬೆಟ್ಟದ ನೆತ್ತಿಯಲ್ಲಿ ಮಳೆ ಹೊಯ್ದಿರುತ್ತದೆ. ತಿಳಿಯಾಗಿದ್ದ ನೀರು ಏಕಾಏಕಿ ಕೆಂಪಾದರೆ, ಎಲೆ-ಕಡ್ಡಿ ತೇಲಿಬಂದರೆ, ಸದ್ದು ದಪ್ಪವಾದರೆ, ಚಪ್ಪಲಿ ಬಿಟ್ಟಾದರೂ ಸರಿ, ದಡ ಹತ್ತಿ ಎತ್ತರಕ್ಕೆ ಹೋಗಿ. ಆಮೇಲೆ ಉಳಿಯುವುದು ಕೆಲವೇ ನಿಮಿಷ. 2024ರ ಜೂನ್ 30ರಂದು ಲೋಣಾವಳದ ಭುಶಿ ಅಣೆಕಟ್ಟಿನ ಹಿಂಬದಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದದ್ದು ಹೀಗೆಯೇ. ಮೊದಲು ಅವರು ನಿಂತಿದ್ದದ್ದು ಸಾಧಾರಣ ಹರಿವಿನ ನೀರಿನಲ್ಲಿ. ನೋಡನೋಡುತ್ತಿದ್ದಂತೆ ನೀರೇರಿತು, ಒಬ್ಬರನ್ನೊಬ್ಬರು ತಬ್ಬಿ ನಿಂತರೂ ಉಳಿಯಲಿಲ್ಲ.

ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ. ಹಗ್ಗ, ದುಪಟ್ಟಾ, ಉದ್ದನೆಯ ಕೋಲು, ಖಾಲಿ ನೀರಿನ ಕ್ಯಾನ್, ಕೈಗೆ ಸಿಕ್ಕಿದ್ದನ್ನು ಎಸೆಯಿರಿ. 112ಕ್ಕೆ ಫೋನ್ ಮಾಡಿ. ಕಣಿವೆಯೊಳಗೆ ಸಿಗ್ನಲ್ ಇರುವುದಿಲ್ಲ. ಒಬ್ಬರು ರಸ್ತೆಗೆ ಓಡಿ ಹಳ್ಳಿಯವರನ್ನು ಕರೆಯಲಿ.

ಭುಶಿ ಡ್ಯಾಮಿನ ಮೆಟ್ಟಿಲಲ್ಲಿ ಕೂರುವುದೂ ತಪ್ಪೇ?

ತಪ್ಪೆಂದಲ್ಲ. ಆದರೆ ಭಾನುವಾರ ಅಲ್ಲಿ ಬೇರೆಯವರ ಬೆನ್ನು ಬಿಟ್ಟರೆ ಏನೂ ಕಾಣುವುದಿಲ್ಲ.

ನಿಷೇಧ ಇದೆಯೋ ಇಲ್ಲವೋ ತಿಳಿಯುವುದು ಹೇಗೆ?

ಪ್ರತಿ ಮಳೆಗಾಲ ಪುಣೆ, ರಾಯಗಡ, ಠಾಣೆ, ಪಾಲ್ಘರ್ ಜಿಲ್ಲಾಡಳಿತಗಳು ಪಟ್ಟಿ ಹೊರಡಿಸುತ್ತವೆ. ಮೊದಲು ಇದು ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಮಿನಡಿ ಇತ್ತು, 2024ರ ಜುಲೈನಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಹಾಗಾಗಿ ಹೋದ ವರ್ಷ ಹೋಗಿಬಂದ ಗೆಳೆಯನ ಮಾತು ನಂಬಬೇಡಿ. ಹಿಂದಿನ ದಿನ ಮರಾಠಿ ಪತ್ರಿಕೆಯ ಜಿಲ್ಲಾ ಪುಟ ನೋಡಿ, ಅಥವಾ ಉಳಿಯುವ ಹೋಟೆಲಿಗೆ ಫೋನ್ ಹಾಯಿಸಿ. ಖಾರ್ಘರ್‌ನ ಪಾಂಡವಕಡಾ ನವಿ ಮುಂಬೈಯವರ ಕಣ್ಣೆದುರಿಗೇ 107 ಮೀಟರಿನಿಂದ ಬೀಳುತ್ತದೆ, ಆದರೆ ಸಾವುಗಳ ದಾಖಲೆ ದೊಡ್ಡದು, ಮಳೆಗಾಲದಲ್ಲಿ ಒಳಗೆ ಬಿಡುವುದಿಲ್ಲ. ರಸ್ತೆಯಿಂದಲೇ ಚೆನ್ನಾಗಿ ಕಾಣುತ್ತದೆ, ಸಾಕು.

ಗೋವಾದಲ್ಲಿ ಅಭಯಾರಣ್ಯದೊಳಗಿನ ಜಲಪಾತಗಳು ಅರಣ್ಯ ಇಲಾಖೆಯ ಮರ್ಜಿ. 2023ರ ಜುಲೈನಲ್ಲಿ ನೇತ್ರಾವಳಿಯ ಮೈನಾಪಿಯಲ್ಲಿ ಇಬ್ಬರು ಮುಳುಗಿದ ಮೇಲೆ ಪ್ರವೇಶವನ್ನೇ ನಿಲ್ಲಿಸಿದ್ದರು.

ಹವಾಮಾನ ಇಲಾಖೆಯ ಬಣ್ಣಗಳನ್ನೂ ನೋಡಿ. ರೆಡ್ ಅಲರ್ಟ್ ಅಂದರೆ 24 ಗಂಟೆಯಲ್ಲಿ 204 ಮಿ.ಮೀ. ಮೀರಿದ ಮಳೆಯ ಸಂಭವ. ಆ ದಿನ ಮನೆಯಲ್ಲಿ ಕಾಂದಾಭಜಿ ಕರಿಯಿರಿ. ಆರೆಂಜ್ ಇದ್ದರೂ ಘಾಟಿ ಕಡೆ ಹೊರಡಬೇಡಿ.

ದೇವಕುಂಡದ ಫೋಟೊ ನೋಡಿ ಮಕ್ಕಳು ಹಟ ಹಿಡಿದಿದ್ದಾರೆ.

ಫೋಟೊ ಸುಳ್ಳಲ್ಲ. ರಾಯಗಡ ಜಿಲ್ಲೆಯ ಭಿರಾ ಅಣೆಕಟ್ಟಿನ ಕಡೆಯಿಂದ ಕಾಡಿನಲ್ಲಿ ನಡೆದು ಹೋದರೆ ಮೂರು ಕಡೆ ಬಂಡೆಯ ಗೋಡೆ, ನಡುವೆ ಹಸಿರು ನೀಲಿ ಮಡು. ಆದರೆ ದಾರಿಯಲ್ಲಿ ಹಳ್ಳಗಳನ್ನು ದಾಟಬೇಕು, ಜೋರು ಮಳೆಯಲ್ಲಿ ಅವೇ ವಾಪಸು ದಾರಿಯನ್ನು ಮುಚ್ಚುತ್ತವೆ. ನಡು ಮಳೆಗಾಲದಲ್ಲಿ ಸಾಮಾನ್ಯವಾಗಿ ನಿಷೇಧವಿರುತ್ತದೆ. ಅಕ್ಟೋಬರ್‌ನಲ್ಲಿ ಊರಿನ ಗೈಡ್ ಜೊತೆ ಹೋಗಿ. ಆ ನೀಲಿ ಬಣ್ಣ ಬರುವುದೂ ಆಗಲೇ. ಜುಲೈಯಲ್ಲಿ ಮಡು ಕೆಂಪಗಿರುತ್ತದೆ.

ಬೇಸಿಗೆ ರಜೆಯಲ್ಲಿ ನೋಡಲು ಏನೂ ಇಲ್ಲವೇ?

ಹೆಚ್ಚಿಲ್ಲ. ಜವ್ಹಾರ್ ಹತ್ತಿರದ ದಾಭೋಸಾದಲ್ಲಿ ಮಳೆ ಮುಗಿದ ಮೇಲೂ ಬಹಳ ಕಾಲ ನೀರಿರುತ್ತದೆ. ಭಂಡಾರದರಾ ಕಡೆಯ ರಂಧಾ ಪ್ರವರಾ ನದಿಯದು. ಮೇಲಿನ ವಿಲ್ಸನ್ ಅಣೆಕಟ್ಟಿನಿಂದ ನೀರು ಬಿಟ್ಟರೆ ಭೋರ್ಗರೆತ, ಬಿಡದಿದ್ದರೆ ಬಂಡೆ. 1926ರಲ್ಲಿ ಮುಗಿದ ಆ ಅಣೆಕಟ್ಟಿನ ಬುಡದಲ್ಲೇ ಛತ್ರಿ ಬಿಡಿಸಿದಂತೆ ಬೀಳುವ ಅಂಬ್ರೆಲಾ ಫಾಲ್ಸ್ ಇದೆ, ಅದೂ ನೀರು ಬಿಟ್ಟಾಗ ಮಾತ್ರ. ಫೋನ್ ಮಾಡಿ ಕೇಳದೆ ಇಷ್ಟು ದೂರ ಹೋಗಬೇಡಿ.

ಊರಿಗೆ ಹೋಗುವ ದಾರಿಯಲ್ಲೇ ನೋಡಿಕೊಂಡು ಹೋಗಬಹುದಾದವು?

ಗಣೇಶನ ಹಬ್ಬಕ್ಕೆ ಊರಿಗೆ ಹೊರಡುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಗೋವಾದಿಂದ ಬೆಳಗಾವಿ, ಹುಬ್ಬಳ್ಳಿ, ಗದಗ, ಬಾಗಲಕೋಟೆ ಕಡೆಗೆ ಹೋಗುವವರು ಚೋರ್ಲಾ ಘಾಟಿ ಹಿಡಿದರೆ ಸುರ್ಲಾ ಕಡೆಯ ಕಣಿವೆಯಲ್ಲಿ ದೂರದ ಜಲಪಾತಗಳು ಕಾಣುತ್ತವೆ. ತಿರುವಿನಲ್ಲಿ ಗಾಡಿ ನಿಲ್ಲಿಸಬೇಡಿ, ಹಿಂದೆ ಬಸ್ಸು ಇರುತ್ತದೆ. ಮೊಲೆಂ ಕಡೆಯಿಂದ ಹೋಗುವವರಿಗೆ ಸ್ವಲ್ಪ ಒಳಗೆ ತಾಂಬ್ಡಿ ಸುರ್ಲಾ: ಕದಂಬರ ಕಾಲದ ಕಪ್ಪು ಕಲ್ಲಿನ ಮಹಾದೇವ ದೇವಸ್ಥಾನ, ಮುಂದೆ ಹೊಳೆ. ಕಂಬಗಳ ಕೆತ್ತನೆ ನೋಡಿದರೆ ನಮ್ಮ ಕಡೆಯ ಯಾವುದೋ ಗುಡಿಗೆ ಬಂದಂತೆ ಅನ್ನಿಸುತ್ತದೆ.

ಪುಣೆ, ಮುಂಬೈಯಿಂದ ಹೋಗುವವರು ಒಂದು ದಿನ ಹೆಚ್ಚು ಇಟ್ಟುಕೊಂಡು ಅಂಬೋಲಿಯಲ್ಲಿ ಉಳಿಯಿರಿ. ಅಲ್ಲಿಯ ಗುಹೆಯಂಥ ಗುಡಿಯೊಳಗಿಂದ ಹಿರಣ್ಯಕೇಶಿ ಹುಟ್ಟುತ್ತಾಳೆ. ಆ ತಣ್ಣನೆ ನೀರು ಆಜರಾ, ಗಡಹಿಂಗ್ಲಜ್ ದಾಟಿ ನಮ್ಮ ಸಂಕೇಶ್ವರಕ್ಕೆ ಬಂದು, ಘಟಪ್ರಭೆಯನ್ನು ಸೇರಿ, ಗೋಕಾಕದಲ್ಲಿ 52 ಮೀಟರ್ ಧುಮುಕುತ್ತದೆ. ಬೆಟ್ಟದ ಒಂದು ಬದಿಯಲ್ಲಿ ಬಿದ್ದ ಮಳೆ ಅಂಬೋಲಿ ಜಲಪಾತವಾಗಿ ಅರಬ್ಬೀ ಸಮುದ್ರಕ್ಕೆ, ಇನ್ನೊಂದು ಬದಿಯದು ಗೋಕಾಕ ಜಲಪಾತವಾಗಿ ಬಂಗಾಳ ಕೊಲ್ಲಿಗೆ. ಒಂದೇ ಪ್ರವಾಸದಲ್ಲಿ ಎರಡನ್ನೂ ನೋಡುವುದಕ್ಕೆ ಬೆಳಗಾವಿ ಜಿಲ್ಲೆಯವರಷ್ಟು ಅನುಕೂಲ ಬೇರೆಯವರಿಗಿಲ್ಲ. ಮಹಾಬಳೇಶ್ವರದ್ದೂ ಇದೇ ಕಥೆ: ಲಿಂಗಮಳಾದಲ್ಲಿ ಬೀಳುವ ವೆಣ್ಣಾ ಸಾತಾರಾ ಹತ್ತಿರ ಕೃಷ್ಣೆಯನ್ನು ಕೂಡಿ ಆಲಮಟ್ಟಿಗೆ ಬರುತ್ತಾಳೆ. ಮಹಾಬಳೇಶ್ವರದಲ್ಲಿ ಎಷ್ಟು ಸುರಿಯಿತೆಂದು ವಿಜಯಪುರ, ರಾಯಚೂರು ಕಡೆಯವರು ದಿನಾ ಪತ್ರಿಕೆಯಲ್ಲಿ ಹುಡುಕುವುದು ಸುಮ್ಮನೆ ಅಲ್ಲ.

ಚಪ್ಪಲಿ, ಬಟ್ಟೆ, ಊಟ?

ಸ್ಯಾಂಡಲ್, ಕ್ರಾಕ್ಸ್ ಬೇಡ; ಅಡಿಯಲ್ಲಿ ಹಲ್ಲಿರುವ ಶೂ ಇರಲಿ. ಜೀನ್ಸ್ ನೆನೆದರೆ ಭಾರ, ಒಣಗುವುದೂ ಇಲ್ಲ. ಕಾಡಿನ ದಾರಿಯಲ್ಲಿ ಉಂಬಳ ಹತ್ತುತ್ತವೆ, ಒಂದು ಪುಡಿಕೆ ಉಪ್ಪು ಒಯ್ಯಿರಿ, ಕಿತ್ತೆಸೆಯಲು ಹೋಗಿ ಗಾಯ ಮಾಡಿಕೊಳ್ಳಬೇಡಿ. ಫೋನಿಗೆ ಪ್ಲಾಸ್ಟಿಕ್ ಚೀಲ, ಕಾರಿನಲ್ಲಿ ಒಂದು ಜೊತೆ ಒಣಬಟ್ಟೆ.

ಊಟದ ಚಿಂತೆ ಬೇಡ. ಸುಟ್ಟ ಜೋಳದ ತೆನೆ, ವಡಾಪಾವ್ ಎಲ್ಲ ಕಡೆ ಸಿಗುತ್ತವೆ. ಸಾತಾರಾ, ಜುನ್ನರ್ ಕಡೆಯ ಹಳ್ಳಿಗಳಲ್ಲಿ ಹೇಳಿಟ್ಟರೆ ಪಿಠಲೆ, ಭಾಕ್ರಿ, ಠೇಚಾ ಬಿಸಿಬಿಸಿಯಾಗಿ ಮಾಡಿಕೊಡುತ್ತಾರೆ. ಉತ್ತರ ಕರ್ನಾಟಕದವರಿಗೆ ಅದು ಮನೆ ಊಟವೇ, ಜುಣಕ, ರೊಟ್ಟಿ, ರಂಜಕ ಅಂದುಕೊಂಡು ಉಣ್ಣಿ.

ಡ್ರೋನ್ ತರಬಹುದೇ?

ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಹೊರಗಾದರೂ ಕಮರಿಯ ಗಾಳಿಗೆ ಅದು ವಾಪಸು ಬರುವ ಭರವಸೆಯಿಲ್ಲ, ಹುಡುಕಲು ಯಾರೂ ಕೆಳಗಿಳಿಯಬೇಡಿ.